ಡೋರೇಮಾನ್ ಇನ್ನೂ ಹುಟ್ಟೇ ಇಲ್ವಂತೆ! ಕಾರ್ಟೂನ್ ಸಿನಿಮಾ ಹುಟ್ಟುಹಬ್ಬ ತುಮಕೂರಲ್ಲಿ ಮಾಡೋದಾದ್ರೆ ಯಾವುದು ಮಾಡೋಣ?

ಅಮಾನಿಕೆರೆ ಅಮ್ಮ (ತುಮಕೂರು)
ಎಲ್ಲರಿಗೂ ನಮಸ್ಕಾರ. ಹೋದ ವಾರ ಅನ್ನಕ್ಕಿಟ್ಟು ಹುರುಳಿಕಾಯಿ ಬಿಡಿಸ್ತಾ ಕೂತಿದ್ದೆ. ಎರಡನೇ ಕ್ಲಾಸಿನ ಮಗಳು ಓಡಿ ಬಂದು "ಅಮ್ಮಾ, ಡೋರೇಮಾನ್ ಇನ್ನೂ ಹುಟ್ಟೇ ಇಲ್ಲ ಕಣಮ್ಮ" ಅಂದಳು. ಅಳೋದೊಂದು ಬಾಕಿ. ಅವಳ ಕ್ಲಾಸಿನ ಹುಡುಗ ಹೇಳಿದ್ದಂತೆ. ಹುಡುಕಿ ನೋಡಿದೆ, ಹುಡುಗ ಹೇಳಿದ್ದು ಸರಿ. ಡೋರೇಮಾನ್ ಅಂದ್ರೆ ಜಪಾನಿನ ಕಾರ್ಟೂನಿನ ರೋಬೋ ಬೆಕ್ಕು, ಕತೆ ಪ್ರಕಾರ ಅದು ಹುಟ್ಟೋದು 2112ರ ಸೆಪ್ಟೆಂಬರ್ 3ಕ್ಕೆ. ಎತ್ತರ 129.3 ಸೆಂ.ಮೀ, ತೂಕ 129.3 ಕೆ.ಜಿ. ಅಳತೆ ಟೇಪು ತಂದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆಸಿದಳು. ಅವಳಿಗಿಂತ ನಾಲ್ಕು ಬೆರಳು ಎತ್ತರ. ಆಮೇಲೆ ಸಮಾಧಾನ ಆಯ್ತು.

ವಿಷಯ ಏನಂದ್ರೆ, ನಮ್ಮ ಬೀದೀಲಿ ಒಂದಿಪ್ಪತ್ತು ಮಕ್ಕಳಿದ್ದಾರೆ. ಬೇಸಿಗೆ ರಜದಲ್ಲಿ ನಮ್ಮ ತಾರಸಿ ಮೇಲೆ ಒಂದು ಕಾರ್ಟೂನ್ ಸಿನಿಮಾ ತೋರಿಸಿ, ಆ ಸಿನಿಮಾದ ಹುಟ್ಟುಹಬ್ಬ ಅಂತಲೇ ಮಾಡೋಣ ಅನ್ನೋ ಆಸೆ. ಪ್ರೊಜೆಕ್ಟರ್ ನಮ್ಮ ಭಾವನ ಹತ್ರ ಇದೆ. ಎರಡು ಪ್ರಶ್ನೆ. ಒಂದು, ಯಾವ ಸಿನಿಮಾ? ಎರಡು, ವರ್ಷ ಲೆಕ್ಕ ಹಾಕೋದು ಹೇಗೆ? ಟಾಯ್ ಸ್ಟೋರಿಗೆ ಹೋದ ನವೆಂಬರ್ 22ಕ್ಕೆ 30 ತುಂಬಿತು ಅಂತ ಎಲ್ಲ ಕಡೆ ಬರೆದಿದ್ರು. ನಾನು ಅದನ್ನ ನೋಡಿದ್ದು 2001ರಲ್ಲಿ, ಚಿಕ್ಕಪ್ಪನ ಮನೇಲಿ. ನನ್ನ ಲೆಕ್ಕದಲ್ಲಿ ಅದಕ್ಕಿನ್ನೂ 25. ಅಲ್ಲೆಲ್ಲೋ ಬಿಡುಗಡೆ ಆದ ದಿನ ನಮ್ಮದಾಗುತ್ತಾ, ಇಲ್ಲಾ ನಮ್ಮ ಊರಿಗೆ ಬಂದ ದಿನ ನಮ್ಮದಾ?

ಇನ್ನೊಂದು ಮಾತು. ಬೀದಿ ಮಕ್ಕಳಲ್ಲಿ ಅರ್ಧದಷ್ಟು ಸರ್ಕಾರಿ ಶಾಲೆಯವರು. ಇಂಗ್ಲಿಷ್ ಸಿನಿಮಾ ಹಾಕಿದರೆ ಹಿಂದಿನ ಸಾಲಲ್ಲಿ ಕೂತು ಪಿಳಿಪಿಳಿ ನೋಡ್ತಾವೆ. ಅದು ನನಗೆ ಬೇಡ.

ಕ್ಯಾತ್ಸಂದ್ರ 90
ಅಕ್ಕಾ, ಕಣ್ಣು ಮುಚ್ಕೊಂಡು ಟಾಯ್ ಸ್ಟೋರಿ ಹಾಕಿ. ಪೂರ್ತಿ ಕಂಪ್ಯೂಟರಲ್ಲೇ ಮಾಡಿದ ಮೊದಲನೇ ಫುಲ್ ಲೆಂಗ್ತ್ ಸಿನಿಮಾ ಅದು. ನಾನು ನೋಡಿದ್ದು ವಿಸಿಡಿಯಲ್ಲಿ, ಒಂದು ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. 81 ನಿಮಿಷದ ಸಿನಿಮಾ ಒಂದು ಡಿಸ್ಕಲ್ಲಿ ಹಿಡಿಸಲ್ಲ, ಎರಡು ಡಿಸ್ಕು. ಅರ್ಧಕ್ಕೆ ನಿಂತು, ಎರಡನೇದು ಹಾಕೋ ತನಕ ನಾವು ಐದೂ ಜನ ಉಸಿರು ಬಿಗಿ ಹಿಡ್ಕೊಂಡು ಕೂತಿದ್ವಿ. ಇವತ್ತಿಗೂ ಆ ಸಿನಿಮಾ ನೋಡುವಾಗ ಅದೇ ಜಾಗಕ್ಕೆ ಬಂದ್ರೆ ನನ್ನ ಕೈ ರಿಮೋಟ್ ಹುಡುಕುತ್ತೆ.

ತಿಪಟೂರು ತೆಂಗು
ಬೇಜಾರು ಮಾಡ್ಕೋಬೇಡಿ ತಾಯಿ. ಅಮೆರಿಕದ ಆಟಿಕೆ ಸಿನಿಮಾಗೆ ತುಮಕೂರಲ್ಲಿ ಯಾಕೆ ಹುಟ್ಟುಹಬ್ಬ? ನಮ್ಮದು ಅಂತ ಇಲ್ವಾ? ಪುಣ್ಯಕೋಟಿ ಅನಿಮೇಶನ್ ಸಿನಿಮಾ ಇದೆ. ನಮ್ಮ ಗೋವಿನ ಹಾಡಿನ ಕತೆ. ಬೆಂಗಳೂರಿನ ರವಿಶಂಕರ್ ಅವರು ಜನರಿಂದ ದುಡ್ಡು ಕೂಡಿಸಿ ಮಾಡಿದ್ದು, ಸಂಗೀತ ಇಳಯರಾಜ. ಸಂಸ್ಕೃತದಲ್ಲಿ ಬಂದ ಮೊದಲ ಅನಿಮೇಶನ್ ಸಿನಿಮಾ. ಅದನ್ನ ತೋರಿಸಿ.

ಅಮಾನಿಕೆರೆ ಅಮ್ಮ
ಅಣ್ಣಾ, ಪುಣ್ಯಕೋಟಿ ನಾನೂ ನೋಡಿದೀನಿ, ಕಣ್ಣಲ್ಲಿ ನೀರು ಬಂತು. ಆದ್ರೆ ಗೋವಿನ ಹಾಡನ್ನ ಸಂಸ್ಕೃತದಲ್ಲಿ ತೋರಿಸಿದರೆ ನಮ್ಮ ಬೀದಿ ಮಕ್ಕಳು "ಆಂಟಿ, ಇವರು ಯಾಕೆ ಮಂತ್ರ ಹೇಳ್ತಿದ್ದಾರೆ" ಅಂತ ಕೇಳ್ತಾರೆ. ಆ ಹಾಡು ಅವರಿಗೆ ಕನ್ನಡದಲ್ಲೇ ಬಾಯಿಪಾಠ ಇದೆ.

ಶಿಡ್ಲಘಟ್ಟ ರೇಷ್ಮೆ
ನಮ್ಮದು ಅಂದ್ರೆ ರಾಮಾಯಣ ಇದೆಯಲ್ಲ! ಜಪಾನಿನ ಯುಗೋ ಸಾಕೋ ಅವರು ನಮ್ಮ ರಾಮ್ ಮೋಹನ್ ಅವರ ಜೊತೆ ಸೇರಿ ಮಾಡಿದ್ದು, 1990ರ ದಶಕದ ಶುರುವಿನಲ್ಲಿ. ಹೋದ ವರ್ಷ, 2025ರ ಜನವರಿ 24ಕ್ಕೆ, 4ಕೆ ಮಾಡಿ ಮತ್ತೆ ಥಿಯೇಟರಿಗೆ ತಂದರು. ನಾನು ಮಗನನ್ನ ಕರ್ಕೊಂಡು ಬೆಂಗಳೂರಿಗೇ ಹೋಗಿದ್ದೆ. ಬರೀ ಕೈಯಲ್ಲಿ ಬರೆದ ಚಿತ್ರ. ಕುಂಭಕರ್ಣ ಏಳೋ ಜಾಗದಲ್ಲಿ ನನ್ನ ಮಗ ನನ್ನ ಸೆರಗು ಹಿಡ್ಕೊಂಡ. ಕನ್ನಡದಲ್ಲಿ ಮಾತ್ರ ಇರಲಿಲ್ಲ. ಹಿಂದಿ, ತೆಲುಗು, ತಮಿಳು, ಇಂಗ್ಲಿಷ್. ನಾನು ಕಿವಿ ಹತ್ರ ಬಗ್ಗಿ ಬಗ್ಗಿ ಕನ್ನಡದಲ್ಲಿ ಹೇಳ್ತಾ ಹೋದೆ. ಪಕ್ಕದ ಸೀಟಿನವರು ಸಿಟ್ಟು ಮಾಡ್ಕೊಂಡ್ರು.

ಬಾಗೇಪಲ್ಲಿ ಭಾಗ್ಯ
ಇದೇ ನೋಡಿ ನನ್ನ ಹೊಟ್ಟೆ ಉರಿ. ನಮ್ಮ ಮನೇಲಿ ಮಾತಾಡೋದು ತೆಲುಗು, ಓದಿದ್ದೆಲ್ಲ ಕನ್ನಡ. ನಮ್ಮ ಮಕ್ಕಳಿಗೆ ಟೀವೀಲಿ ಎಲ್ಲ ಕಾರ್ಟೂನೂ ತೆಲುಗಲ್ಲಿ ಸಿಗುತ್ತೆ. ಸಿಂಹ, ಜಿಂಕೆ, ರಾಜ, ಮಂತ್ರಿ ಎಲ್ಲ ತೆಲುಗಲ್ಲೇ ಮಾತಾಡ್ತಾರೆ. ಶಾಲೆಗೆ ಹೋದಾಗ ಕನ್ನಡ ಅನ್ನೋದು ಬರೀ ಪಾಠದ ಪುಸ್ತಕದ ಭಾಷೆ ಆಗಿಬಿಡುತ್ತೆ. ತೆಲುಗಿನ ಮೇಲೆ ನನಗೆ ಕೋಪ ಇಲ್ಲ, ಅದು ನನ್ನ ಅಮ್ಮನ ಮಾತು. ಕನ್ನಡದಲ್ಲೂ ಒಂದು ಸಿಂಹ ಗರ್ಜಿಸಲಿ ಅಂತ ಅಷ್ಟೆ.

ಮುಳಬಾಗಿಲು 86
ಚಿಂಟು ಟೀವಿ ಮರೆತುಬಿಟ್ರಾ? 2009ರಲ್ಲಿ ಬಂತು. ನನ್ನ ತಂಗಿ ಮಕ್ಕಳು ಕನ್ನಡದಲ್ಲಿ ಡೋರಾ ನೋಡ್ಕೊಂಡೇ ಬೆಳೆದದ್ದು.

ತಿಪಟೂರು ತೆಂಗು
ಹೋದ ವರ್ಷದ ಮಹಾವತಾರ್ ನರಸಿಂಹ ಕನ್ನಡದಲ್ಲೇ ಬಂತು. ಜುಲೈ 25, 2025. ತೋರಿಸಿದ್ದು ನಮ್ಮ ಹೊಂಬಾಳೆ ಫಿಲಂಸ್‌ನವರು. ಥಿಯೇಟರ್ ಒಳಗೆ ಜನ ಚಪ್ಪಲಿ ಬಿಟ್ಟು ಕೂತಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಕಂಬ ಒಡೆಯೋ ಹೊತ್ತಿಗೆ ನಮ್ಮ ಅಮ್ಮ ಎದ್ದು ನಿಂತು ಕೈ ಮುಗಿದರು. ಬರೋ ಜುಲೈಗೆ ಅದರ ಮೊದಲನೇ ವರ್ಷದ ಹಬ್ಬ. ಅದನ್ನ ಮಾಡೋಣ.

ಕೋಲಾರದ ಕುಂಚ
ನಾನು ಬೆಂಗಳೂರಲ್ಲಿ ಅನಿಮೇಶನ್ ಕೆಲಸದಲ್ಲಿದ್ದೀನಿ, ಹನ್ನೊಂದು ವರ್ಷ ಆಯ್ತು, ಅದಕ್ಕೆ ಎರಡು ಮಾತು. ಅಮ್ಮಾವ್ರೇ, ಮೊದಲು ಒಂದು ಎಚ್ಚರಿಕೆ. ಮನೇಲಿ ಓಟಿಟಿಗೆ ದುಡ್ಡು ಕಟ್ಟಿದ್ದೀವಿ ಅಂತ ಬೀದಿ ಜನರನ್ನ ಸೇರಿಸಿ ಪರದೆ ಮೇಲೆ ತೋರಿಸೋಕೆ ಆಗಲ್ಲ. ಆ ಚಂದಾ ಮನೆಯವರಿಗೆ ಮಾತ್ರ. ಸಾರ್ವಜನಿಕವಾಗಿ ತೋರಿಸಬೇಕಂದ್ರೆ ಹಕ್ಕು ಇರೋರ ಹತ್ರ ಒಪ್ಪಿಗೆ ಪಡೀಬೇಕು. ಇದು ಟಾಯ್ ಸ್ಟೋರಿಗೂ ಅಷ್ಟೆ, ನರಸಿಂಹನಿಗೂ ಅಷ್ಟೆ. ಈ ಕೆಲಸದಲ್ಲೇ ಅನ್ನ ತಿನ್ನೋನು ನಾನು, ಹೇಳದೆ ಇರೋಕಾಗಲ್ಲ.

ಎರಡನೇದು, ಹುಟ್ಟುಹಬ್ಬ ಮಾಡಿದಾಗ ಮಕ್ಕಳಿಗೆ ಆ ಸಿನಿಮಾ ಹೇಗೆ ಹುಟ್ಟಿತು ಅನ್ನೋದನ್ನ ದಯವಿಟ್ಟು ಹೇಳಿ. ಲಯನ್ ಕಿಂಗ್ 1994ರದ್ದು. ಹೆಚ್ಚೂ ಕಡಿಮೆ ಎಲ್ಲ ಕೈಯಲ್ಲಿ ಬರೆದ ಚಿತ್ರ. ಆದ್ರೆ ಆ ಕಾಡುಕೋಣದಂಥ ಪ್ರಾಣಿಗಳು ಹಿಂಡು ಹಿಂಡಾಗಿ ಕಣಿವೆಗೆ ನುಗ್ಗುತ್ತಾವಲ್ಲ, ಅದು ಕಂಪ್ಯೂಟರ್. ಎರಡೂವರೆ ನಿಮಿಷದ ದೃಶ್ಯಕ್ಕೆ ಎರಡು ವರ್ಷಕ್ಕೂ ಮೇಲೆ ಹಿಡೀತು. ಒಂದಕ್ಕೊಂದು ಡಿಕ್ಕಿ ಹೊಡೀದೆ ಓಡೋ ಹಾಗೆ ಪ್ರೋಗ್ರಾಂ ಬರೀಬೇಕಿತ್ತು. ಟಾಯ್ ಸ್ಟೋರಿ ಕತೆ ಇನ್ನೂ ಚೆನ್ನಾಗಿದೆ. 1993ರ ನವೆಂಬರ್ 19ಕ್ಕೆ ಅದನ್ನ ಮಾಡ್ತಿದ್ದ ಪಿಕ್ಸಾರ್‌ನವರು ಅರ್ಧ ಆದ ಸಿನಿಮಾನ ದುಡ್ಡು ಹಾಕಿದ್ದ ಡಿಸ್ನಿಯವರಿಗೆ ತೋರಿಸಿದರು. ಅದರಲ್ಲಿ ಕತೆಯ ನಾಯಕ ವುಡಿ ಎಂಥ ದುಷ್ಟ ಗೊಂಬೆ ಆಗಿದ್ದ ಅಂದ್ರೆ ಯಾರಿಗೂ ಹಿಡಿಸಲಿಲ್ಲ, ಕೆಲಸವೇ ನಿಂತುಹೋಯ್ತು. ಕೂತು ವುಡಿ ಸ್ವಭಾವನೇ ಬದಲಾಯಿಸಿ ಮತ್ತೆ ಬರೆದರು. ಇವತ್ತು ನಾವು ಪ್ರೀತಿ ಮಾಡೋ ವುಡಿ ಎರಡನೇ ಸಲ ಹುಟ್ಟಿದವನು.

ಕ್ಯಾತ್ಸಂದ್ರ 90
ಎರಡನೇ ಭಾಗ ಡಿಲೀಟ್ ಆಗಿತ್ತು ಅಂತಾರಲ್ಲ, ಅದು ನಿಜಾನಾ ಗುರು?

ಕೋಲಾರದ ಕುಂಚ
ನಿಜ. 1998. ಯಾರೋ ತಪ್ಪು ಕಮಾಂಡ್ ಕೊಟ್ಟು ಟಾಯ್ ಸ್ಟೋರಿ 2ರ ಫೈಲುಗಳು ಕಣ್ಣ ಮುಂದೆನೇ ಮಾಯ ಆಗ್ತಾ ಹೋದವು. ಬ್ಯಾಕಪ್ ತೆಗೆದು ನೋಡಿದ್ರೆ ಅದೂ ಸರಿಯಾಗಿ ಆಗಿರಲಿಲ್ಲ. ಗ್ಯಾಲಿನ್ ಸಸ್ಮನ್ ಅನ್ನೋರು ಬಾಣಂತಿ, ಮಗು ನೋಡ್ಕೊಂಡು ಮನೆಯಿಂದ ಕೆಲಸ ಮಾಡ್ತಿದ್ದರು. ಅವರ ಮನೆ ಕಂಪ್ಯೂಟರಲ್ಲಿ ಒಂದು ಪ್ರತಿ ಇತ್ತು. ಅದನ್ನ ಕಂಬಳಿ ಸುತ್ತಿ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ತಂದರು. ನಮ್ಮ ಆಫೀಸಲ್ಲಿ ಹೊಸ ಹುಡುಗರು ಬಂದಾಗಲೆಲ್ಲ ನಾನು ಮೊದಲು ಹೇಳೋ ಕತೆ ಇದೇ.

ಮುಳಬಾಗಿಲು 86
ಬಾಣಂತಿ ಮನೆಯಿಂದ ಸಿನಿಮಾ ಉಳೀತು! ಇದನ್ನ ನನ್ನ ಹೆಂಡತಿಗೆ ಈಗಲೇ ಓದಿ ಹೇಳಿದೆ. ನಮ್ಮ ಮಗನ ಮೊದಲನೇ ವರ್ಷದ ಫೋಟೋ ಅಷ್ಟೂ ಮೊಬೈಲ್ ರಿಪೇರಿ ಅಂಗಡೀಲಿ ಹೋಯ್ತು. ಅವತ್ತಿಂದ ಅವಳು ಮೂರು ಕಡೆ ಇಟ್ಟಿರ್ತಾಳೆ.

ಗೌರಿಬಿದನೂರು ಮೇಷ್ಟ್ರು
ಎಲ್ಲ ಓದಿದೆ. ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ನಾನು ಬರೀತಿದ್ದೀನಿ. ಮೂವತ್ನಾಲ್ಕು ವರ್ಷ ಪ್ರೈಮರಿ ಶಾಲೇಲಿ ಪಾಠ ಮಾಡಿದೋನು. ಜೂನಲ್ಲಿ ಶಾಲೆ ಶುರು ಆದಾಗ ಹಳ್ಳಿಯಿಂದ ಅಪ್ಪಂದಿರು ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಬರೋರು. "ಹುಟ್ಟಿದ ದಿನ ಯಾವುದಪ್ಪ?" ಅಂದ್ರೆ "ಕಳ್ಳೆಕಾಯಿ ಕೀಳೋ ಟೈಮು ಸಾ" ಅನ್ನೋರು. ಮಗು ಬಲಗೈನ ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ವಯಸ್ಸಾಯ್ತು ಅಂತ ಲೆಕ್ಕ. ದಾಖಲೇಲಿ ಜೂನ್ 1 ಅಂತ ಬರೆದುಬಿಡ್ತಿದ್ವಿ. ನಮ್ಮ ಕಡೆ ಜೂನ್ 1ಕ್ಕೆ ಹುಟ್ಟಿದೋರು ಎಷ್ಟು ಜನ ಇದ್ದಾರೋ, ಅವರಲ್ಲಿ ಬಹಳ ಜನರನ್ನ ಹುಟ್ಟಿಸಿದ್ದು ಮೇಷ್ಟ್ರುಗಳೇ. ನನ್ನದೂ ಜೂನ್ 1.

ಮಿಕ್ಕಿ ಇಲಿಗೂ ಹಾಗೇ ಆಗಿತ್ತು. ಈಗ ಎಲ್ಲರೂ 1928ರ ನವೆಂಬರ್ 18 ಅಂತಾರೆ, ನ್ಯೂಯಾರ್ಕಿನ ಕಾಲನಿ ಥಿಯೇಟರಲ್ಲಿ ಸ್ಟೀಮ್‌ಬೋಟ್ ವಿಲ್ಲಿ ಅನ್ನೋ ಅವನ ಕಾರ್ಟೂನ್ ತೋರಿಸಿದ ದಿನ. ಆದ್ರೆ ಎಷ್ಟೋ ವರ್ಷ ಡಿಸ್ನಿಯವರು ಬೇರೆ ಬೇರೆ ದಿನ ಅನುಕೂಲ ನೋಡ್ಕೊಂಡು ಹುಟ್ಟುಹಬ್ಬ ಮಾಡ್ತಿದ್ರು. ಕಂಪನಿಯ ಹಳೇ ಕಾಗದಪತ್ರ ನೋಡ್ಕೊಳ್ತಿದ್ದ ಡೇವ್ ಸ್ಮಿತ್ ಅನ್ನೋರು 1970ರ ದಶಕದಲ್ಲಿ ಆ ಥಿಯೇಟರಿನ ಕಾರ್ಯಕ್ರಮದ ಹಾಳೆ ಹಿಡಿದು ಈ ದಿನ ಗೊತ್ತು ಮಾಡಿದರು. ಹಾಗಾಗಿ ತಾಯಿ, ನಿಮ್ಮ ಮಕ್ಕಳಿಗೆ ಆ ಸಿನಿಮಾ ಯಾವತ್ತು ಮೊದಲ ಸಲ ಕಣ್ಣಿಗೆ ಬೀಳುತ್ತೋ ಅವತ್ತು ಅದು ಅವರ ದಾಖಲೇಲಿ ಹುಟ್ಟಿತು ಅಂತ ಬರ್ಕೊಳ್ಳಿ. ಆದ್ರೆ ನಿಜವಾದ ತಾರೀಕೂ ಪಕ್ಕದಲ್ಲಿ ಇರಲಿ.

ಬಾಗೇಪಲ್ಲಿ ಭಾಗ್ಯ
ಮೇಷ್ಟ್ರೇ, ನಮ್ಮೆಜಮಾನ್ರದ್ದೂ ಜೂನ್ 1, ಅವರ ಅಣ್ಣಂದೂ ಜೂನ್ 1. ದಾಖಲೆ ತಿದ್ದಿಸೋಕೆ ಎರಡು ವರ್ಷ ಅಲೆದರು.

ಪಾವಗಡ ಬಿಸಿಲು
ಜಂಗಲ್ ಬುಕ್ ಯಾರೂ ಹೇಳ್ತಾನೇ ಇಲ್ವಲ್ರೀ! ಭಾನುವಾರ ಬೆಳಗ್ಗೆ ದೂರದರ್ಶನ. ಊರಲ್ಲಿ ಎರಡೇ ಟೀವಿ, ಒಂದು ಪಂಚಾಯ್ತೀದು ಕೆಟ್ಟು ಕೂತಿರೋದು. ಇನ್ನೊಂದು ಮನೆ ಕಿಟಕೀಲಿ ನಾವು ಹದಿನೈದು ತಲೆ. ಅದು ಜಪಾನಿನೋರು 1989ರಲ್ಲಿ ಮಾಡಿದ್ದು, ನಮ್ಮಲ್ಲಿ ಹಿಂದೀಲಿ ಬಂದದ್ದು 1993ರಲ್ಲಿ ಅಂತ ಆಮೇಲೆ ಗೊತ್ತಾಯ್ತು. ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಬಲ್ಲೂ ಅಂದ್ರೆ ಕರಡಿ ಅನ್ನೋದು ಮುಖ ನೋಡಿ ಗೊತ್ತು. ನಮ್ಮ ಕಡೆ ಗುಡ್ಡದಿಂದ ಕರಡಿ ಇಳಿದು ಕಳ್ಳೆಕಾಯಿ ಹೊಲಕ್ಕೆ ಬರ್ತಾವೆ. ರಾತ್ರಿ ಕಾವಲಿಗೆ ಹೋಗೋ ನಮ್ಮ ತಾತ "ಕರಡಿ ಪಾಠ ಹೇಳ್ಕೊಡುತ್ತೇನೋ? ಮುಖ ಕಿತ್ತು ಕೈಗೆ ಕೊಡುತ್ತೆ" ಅನ್ನೋನು. ಆದ್ರೂ ಭಾನುವಾರ ಒಂಬತ್ತಕ್ಕೆ ತಾತನೂ ಅದೇ ಕಿಟಕಿ ಹತ್ರ ನಿಂತಿರ್ತಿದ್ದ.

ಮುಳಬಾಗಿಲು 86
ಸಿನಿಮಾ ಬಿಟ್ಟು ಸೀರಿಯಲ್‌ಗೆ ಬಂದ್ರೆ ನನ್ನ ವೋಟು ಟಾಮ್ ಅಂಡ್ ಜೆರ್ರಿಗೆ. 1940ರ ಫೆಬ್ರವರಿ 10ಕ್ಕೆ ಮೊದಲನೇದು ಬಂದಿದ್ದು, ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಕೇಬಲ್ ಬಂದಾಗ ಹಗಲೆಲ್ಲ ಕಾರ್ಟೂನ್, ರಾತ್ರಿ ಆಗ್ತಿದ್ದ ಹಾಗೆ ಅದೇ ಚಾನೆಲ್ಲಲ್ಲಿ ಹಳೇ ಇಂಗ್ಲಿಷ್ ಸಿನಿಮಾ ಶುರು. ನಮ್ಮಜ್ಜಿ ನನ್ನ ಪಕ್ಕ ಕೂತು ಅವರೆಕಾಯಿ ಸುಲೀತಾ ನೋಡೋಳು. ನಮ್ಮಜ್ಜಿಗೆ ಓದು ಬರಹ ಬರ್ತಿರಲಿಲ್ಲ, ತೆಲುಗು ಕನ್ನಡ ಬಿಟ್ಟು ಬೇರೆ ಮಾತು ಬರ್ತಿರಲಿಲ್ಲ. ಆ ಕಾರ್ಟೂನಲ್ಲಿ ಮಾತೇ ಇಲ್ಲವಲ್ಲ. ನನಗಿಂತ ಮೊದಲು ಅವಳೇ ನಗೋಳು. "ಅಯ್ಯೋ ಪಾಪ ಬೆಕ್ಕು" ಅಂತ ಯಾವಾಗಲೂ ಬೆಕ್ಕಿನ ಕಡೆ.

ಅಕ್ಕಾ, ಭಾಷೆ ತೊಂದರೆ ಅಂತೀರಲ್ಲ, ಮಾತೇ ಇಲ್ಲದ್ದನ್ನ ಯಾಕೆ ತೋರಿಸಬಾರದು?

ಅಮಾನಿಕೆರೆ ಅಮ್ಮ
ಅಯ್ಯೋ ಹೌದಲ್ಲ! ಇದು ನನಗೆ ಹೊಳೀಲೇ ಇಲ್ಲ. ಮಾತಿಲ್ಲದ ದೊಡ್ಡ ಸಿನಿಮಾ ಯಾವುದಿದೆ? ಸ್ನೋ ವೈಟ್ ಮೊದಲನೇ ಕಾರ್ಟೂನ್ ಸಿನಿಮಾ ಅಂತಾರಲ್ಲ, ಅದರಲ್ಲಿ ಮಾತಿದೆ, ಅಲ್ವಾ?

ಹಳೇ ರೀಲು (ತುಮಕೂರು)
ಸ್ನೋ ವೈಟ್ ಮೊದಲನೇದಲ್ಲ ಮೇಡಂ. ಅದು 1937ರ ಡಿಸೆಂಬರ್ 21. ಡಿಸ್ನಿಯವರಿಗೆ ಮೊದಲನೇ ಪೂರ್ಣ ಸಿನಿಮಾ, ಅಷ್ಟೇ. ಅದಕ್ಕೆ ಹನ್ನೊಂದು ವರ್ಷ ಮುಂಚೆ ಜರ್ಮನಿಯ ಲೊಟ್ಟೆ ರೈನಿಗರ್ ಅನ್ನೋ ಹೆಣ್ಣುಮಗಳು "ರಾಜಕುಮಾರ ಅಹ್ಮದ್‌ನ ಸಾಹಸಗಳು" ಅಂತ ಸುಮಾರು 65 ನಿಮಿಷದ ಸಿನಿಮಾ ಮಾಡಿದ್ದಳು. ಅರೇಬಿಯನ್ ನೈಟ್ಸ್ ಕತೆ. ಹಾರೋ ಕುದುರೆ, ಮಾಟಗಾತಿ, ಅಲ್ಲಾದ್ದೀನ, ದೀಪ ಎಲ್ಲ ಇದೆ. ಮೂಕಿ ಚಿತ್ರ. ಬರ್ಲಿನ್ನಲ್ಲಿ ಮೊದಲ ಪ್ರದರ್ಶನ 1926ರ ಮೇ 2.

ಈಗ ಲೆಕ್ಕ ಹಾಕಿ. ಬರೋ ಮೇ 2ಕ್ಕೆ ಭರ್ತಿ ನೂರು ವರ್ಷ. ಶನಿವಾರ.

ನಾನು ಚಿಕ್ಕ ವಯಸ್ಸಲ್ಲಿ ನಮ್ಮೂರ ಟಾಕೀಸಲ್ಲಿ ಆಪರೇಟರ್ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದೋನು. ಕಾರ್ಬನ್ ಕಡ್ಡಿ ಹಚ್ಚಿ ರೀಲು ಓಡಿಸ್ತಿದ್ವಿ. ಮೈನ್ ಪಿಕ್ಚರಿಗೆ ಮುಂಚೆ ಸರ್ಕಾರದ ಫಿಲಂಸ್ ಡಿವಿಷನ್ ರೀಲು ಹಾಕಲೇಬೇಕು ಅಂತ ಆಗ ರೂಲು. ಜನ ಆಗ ಬೀಡಿ ಸೇದೋಕೆ ಹೊರಗಿರೋರು. ಅಪರೂಪಕ್ಕೆ ಅದರಲ್ಲಿ ಕಾರ್ಟೂನ್ ಬಂದ್ರೆ ಮಾತ್ರ ಬೆಂಚು ತುಂಬೋದು. ಹುಡುಗರಲ್ಲ, ಗಂಡಸರು! ಎಪಿಎಂಸೀಲಿ ಮೂಟೆ ಹೊರೋ ಆಳುಗಳು ಬಾಯಿ ಬಿಟ್ಕೊಂಡು ನೋಡೋರು. ಅವತ್ತಿಂದ ನನಗೆ ಈ ಹುಚ್ಚು.

ಶಿಡ್ಲಘಟ್ಟ ರೇಷ್ಮೆ
ನೂರು ವರ್ಷ! ಮೈ ಜುಮ್ ಅಂತು.

ತಿಪಟೂರು ತೆಂಗು
ರೀಲಣ್ಣ, ತಿದ್ದೋದಾದ್ರೆ ಪೂರ್ತಿ ತಿದ್ದಿ. 1917ರಲ್ಲೇ ಅರ್ಜೆಂಟೀನಾದಲ್ಲಿ ಕ್ವಿರಿನೋ ಕ್ರಿಸ್ಟಿಯಾನಿ ಅನ್ನೋರು ಎಲ್ ಅಪೋಸ್ತೊಲ್ ಅಂತ ಮಾಡಿದ್ರು.

ಹಳೇ ರೀಲು
ಸರಿಯಾಗಿ ಹೇಳಿದ್ರಿ, ಒಪ್ಪಿದೆ. ಆದ್ರೆ ಅದು ಬೆಂಕೀಲಿ ಸುಟ್ಟುಹೋಯ್ತು, ಒಂದು ಪ್ರತೀನೂ ಉಳಿದಿಲ್ಲ. ನೋಡೋಕೆ ಸಿಗೋದ್ರಲ್ಲಿ ಹಳೇದು ಅಹ್ಮದ್‌ನೇ. ಆ ಕಾಲದ ರೀಲು ಅಂದ್ರೆ ನೈಟ್ರೇಟ್, ತಟ್ಟನೆ ಹತ್ತಿಕೊಳ್ಳೋದು; ಅದು ಎಂಥ ಬೆಂಕಿ ಅಂತ ನಮ್ಮ ಹಿರಿಯ ಆಪರೇಟರ್ ಕೈ ತೋರಿಸಿ ಹೇಳೋರು. ಮೊಣಕೈ ತನಕ ಸುಟ್ಟ ಗುರುತಿತ್ತು. ಇಂಥ ಒಂದು ರೀಲು ನೂರು ವರ್ಷ ಬದುಕಿ ಉಳಿದಿದೆ ಅಂದ್ರೆ ಹುಟ್ಟುಹಬ್ಬ ಮಾಡಲೇಬೇಕು.

ಕೋಲಾರದ ಕುಂಚ
ರೀಲಣ್ಣ, ನಿಮಗೆ ಕಾಲಿಗೆ ಬಿದ್ದೆ. ನಾನು ಕಾಲೇಜಲ್ಲಿ ಇದನ್ನ ನೋಡಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅವರು ಮಾಡಿದ ಕ್ರಮ ಹೇಳ್ತೀನಿ ಕೇಳಿ. ಕಪ್ಪು ರಟ್ಟಿನಲ್ಲಿ ಗೊಂಬೆ ಕತ್ತರಿಸೋದು. ತಲೆ, ತೋಳು, ಮೊಣಕೈ, ಬೆರಳು ಎಲ್ಲ ಬೇರೆ ಬೇರೆ. ಕೀಲಿಗೆ ತಂತಿ ಕಟ್ಟೋದು. ತೂಕಕ್ಕೆ ತೆಳು ಸೀಸದ ತಗಡು. ಗಾಜಿನ ಮೇಜಿನ ಮೇಲೆ ಮಲಗಿಸಿ, ಕೆಳಗಿಂದ ದೀಪ, ಮೇಲಿಂದ ಕ್ಯಾಮೆರಾ. ಕೂದಲೆಳೆಯಷ್ಟು ಅಲುಗಿಸೋದು, ಒಂದು ಚಿತ್ರ ತೆಗೆಯೋದು. ಮತ್ತೆ ಅಲುಗಿಸೋದು. 1923ರಿಂದ 26ರ ತನಕ ಮೂರು ವರ್ಷ ಇದೇ ಕೆಲಸ. ಶುರು ಮಾಡಿದಾಗ ಆಕೆಗೆ ಇಪ್ಪತ್ನಾಲ್ಕರ ಆಸುಪಾಸು. ಕ್ಯಾಮೆರಾ ಹಿಡಿದದ್ದು ಗಂಡ ಕಾರ್ಲ್ ಕೋಖ್.

ದುಡ್ಡು ಎಲ್ಲಿಂದ ಬಂತು ಅನ್ನೋದು ಇನ್ನೂ ಸೊಗಸು. ಆಗ ಜರ್ಮನೀಲಿ ಹಣದುಬ್ಬರ, ಬೆಳಗ್ಗೆ ಇದ್ದ ಬೆಲೆ ಸಂಜೆಗಿಲ್ಲ. ಲೂಯಿ ಹಾಗೆನ್ ಅನ್ನೋ ಬ್ಯಾಂಕಿನವರು ದುಡ್ಡು ಇಟ್ಟುಕೊಂಡರೆ ಕರಗುತ್ತೆ ಅಂತ ಕಚ್ಚಾ ಫಿಲಂ ಕೊಂಡಿಟ್ಟಿದ್ದರು. ನಮ್ಮೋರು ಚಿನ್ನ ಕೊಂಡಿಡಲ್ವಾ, ಹಾಗೆ. "ಇದರಲ್ಲಿ ದೊಡ್ಡ ಸಿನಿಮಾ ಮಾಡು" ಅಂತ ಆ ಹುಡುಗಿಗೆ ಕೊಟ್ಟರು. ಪೋಟ್ಸ್‌ಡಾಮಲ್ಲಿ ಅವರ ಕಾರು ಶೆಡ್ಡಿನ ಮೇಲಿನ ಅಟ್ಟವೇ ಸ್ಟುಡಿಯೋ.

ಹಕ್ಕಿನ ವಿಚಾರ. ನಮ್ಮ ದೇಶದ ಕಾಯ್ದೇಲಿ ಸಿನಿಮಾ ಹಕ್ಕು ಬಿಡುಗಡೆ ಆದ್ಮೇಲೆ 60 ವರ್ಷ. 1926ರದ್ದು ಯಾವತ್ತೋ ಮುಗೀತು. ಸಂಗೀತದ ಲೆಕ್ಕ ಬೇರೆ, ಅದಕ್ಕೆ ಸೌಂಡ್ ಬಂದ್ ಮಾಡಿ ನಮ್ಮದೇ ಏನಾದ್ರೂ ನುಡಿಸಿ.

ಪಾವಗಡ ಬಿಸಿಲು
ತಡೀರಿ ತಡೀರಿ. ಗೊಂಬೆ ಕತ್ತರಿಸಿ, ಕೀಲು ಕಟ್ಟಿ, ಹಿಂದೆ ದೀಪ ಇಟ್ಟು ಕತೆ ಹೇಳೋದು ಅಂದ್ರೆ ನಮ್ಮ ತೊಗಲುಗೊಂಬೆ ಅಲ್ವೇನ್ರೀ ಇದು! ನಮ್ಮ ಕಡೆ ಮಳೆ ಬರಲಿಲ್ಲ ಅಂದ್ರೆ ಆ ಗೊಂಬೆ ಆಡಿಸೋ ಸಿಳ್ಳೇಕ್ಯಾತರನ್ನ ಕರೆಸಿ ರಾತ್ರಿಯೆಲ್ಲ ಆಡಿಸ್ತಿದ್ರು. ಬಿಳೀ ಪಂಚೆ ಪರದೆ. ಹಿಂದೆ ಹರಳೆಣ್ಣೆ ದೀಪ.

ಗೌರಿಬಿದನೂರು ಮೇಷ್ಟ್ರು
ಹೋಲಿಕೆ ಚೆನ್ನಾಗಿದೆ, ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮದು ಮೇಕೆ ಚರ್ಮ ಹದ ಮಾಡಿ, ಬೆಳಕು ಹಾಯೋ ಹಾಗೆ ತೆಳು ಮಾಡಿ ಬಣ್ಣ ಹಚ್ಚಿರೋದು. ಪರದೆ ಮೇಲೆ ರಾಮ ನೀಲಿ, ರಾವಣ ಕೆಂಪು ಕಾಣ್ತಾರೆ. ಆ ಯಮ್ಮನದ್ದು ಬರೀ ಕಪ್ಪು ನೆರಳು. ಮುಖದಲ್ಲಿ ಕಣ್ಣು ಬಾಯಿ ಅಷ್ಟಾಗಿ ಕಾಣಲ್ಲ. ಬೆರಳು ಮತ್ತೆ ಕತ್ತಿನ ವಾಲಿಕೆಯಲ್ಲೇ ಎಲ್ಲ ಭಾವ ಹೇಳಬೇಕು. ಇನ್ನೊಂದು, ತೊಗಲುಗೊಂಬೆ ಆಟದಲ್ಲಿ ಆಡಿಸೋನೇ ಹಾಡಬೇಕು, ಮಾತಾಡಬೇಕು, ಕುಣಿಸಬೇಕು. ಸಿನಿಮಾದಲ್ಲಿ ಆ ದನಿ ಇಲ್ಲ. ಜಪಾನಲ್ಲಿ ಮೂಕಿ ಚಿತ್ರಕ್ಕೆ ಬೆನ್‌ಶಿ ಅಂತ ಒಬ್ಬರು ಪರದೆ ಪಕ್ಕ ನಿಂತು ಕತೆ ಹೇಳ್ತಿದ್ರು. ಜನ ಅವರ ಹೆಸರು ನೋಡಿ ಟಿಕೆಟ್ ತಗೋತಿದ್ರು.

ಬಾಗೇಪಲ್ಲಿ ಭಾಗ್ಯ
ಮೇಷ್ಟ್ರೇ, ನೀವೇ ಹೇಳಿ ಹಾಗಾದ್ರೆ! ಕನ್ನಡ ಇಲ್ಲ ಕನ್ನಡ ಇಲ್ಲ ಅಂತ ನಾವು ಅಳ್ತಾ ಕೂತಿದ್ವಿ. ಮೂಕಿ ಚಿತ್ರಕ್ಕೆ ನಾವು ಯಾವ ಮಾತು ಆಡಿಸ್ತೀವೋ ಅದೇ ಮಾತು.

ಅಮಾನಿಕೆರೆ ಅಮ್ಮ
ಮೇಷ್ಟ್ರೇ, ಭಾಗ್ಯ ಅಕ್ಕ ಬರೆದದ್ದು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನೀವು ಬರ್ತೀರಾ? ಗೌರಿಬಿದನೂರಿಂದ ಮಧುಗಿರಿ ಮೇಲೆ ಬಸ್ಸು ಸಿಗುತ್ತೆ. ಇಲ್ಲಿ ಇಳಿದ ಮೇಲೆ ನಮ್ಮೆಜಮಾನ್ರು ಬಂದು ಕರ್ಕೊಂಡು ಬರ್ತಾರೆ. ಊಟ, ಮಲಗೋ ವ್ಯವಸ್ಥೆ ನಮ್ಮನೇಲೇ.

ಗೌರಿಬಿದನೂರು ಮೇಷ್ಟ್ರು
ರಿಟೈರಾಗಿ ಏಳು ವರ್ಷ ಆಯ್ತಮ್ಮ. ಒಂದು ಕ್ಲಾಸು ತುಂಬ ಮಕ್ಕಳಿಗೆ ಕತೆ ಹೇಳಿ ಏಳು ವರ್ಷ. ಬರ್ತೀನಿ. ಸಿನಿಮಾ ಒಂದ್ಹತ್ತು ಸಲ ನೋಡಿ ಕನ್ನಡದಲ್ಲಿ ಬರ್ಕೊಂಡು ಬರ್ತೀನಿ. ಮಧ್ಯೆ ಬರೋ ಬರಹದ ಹಲಗೆಗಳನ್ನೂ ಕನ್ನಡ ಮಾಡ್ತೀನಿ. ಬಾಗೇಪಲ್ಲಿ ಮಕ್ಕಳು ಬಂದರೆ ಮಾಟಗಾತಿ ತೆಲುಗಲ್ಲೂ ನಾಲ್ಕು ಮಾತು ಆಡ್ತಾಳೆ.

ಶಿಡ್ಲಘಟ್ಟ ರೇಷ್ಮೆ
ಒಂದು ವಿಷಯ ಹೇಳಲೇಬೇಕು, ಈಗಷ್ಟೇ ನೋಡಿ ಮುಗಿಸಿದೆ. ಸಿನಿಮಾದ ನಾಯಕಿ ಪರಿ ಬಾನು ಕೊಳದಲ್ಲಿ ಸ್ನಾನ ಮಾಡೋ ದೃಶ್ಯ ಇದೆ. ನೆರಳೇ ಆದ್ರೂ ನೀವು ಮೊದಲು ನೋಡಿ ನಿರ್ಧಾರ ಮಾಡಿ. ಆಮೇಲೆ ಆ ಆಫ್ರಿಕಾದ ಮಾಂತ್ರಿಕನನ್ನ ವಿಕಾರವಾಗಿ ತೋರಿಸಿದ್ದಾರೆ, ನೂರು ವರ್ಷದ ಹಿಂದಿನ ಯುರೋಪಿನ ಕಣ್ಣು. ಮೇಷ್ಟ್ರು ಅವನನ್ನ ಬರೀ "ಮಾಂತ್ರಿಕ" ಅಂದ್ರೆ ಸಾಕು, ದೇಶ ಹೇಳೋದು ಬೇಡ.

ಗೌರಿಬಿದನೂರು ಮೇಷ್ಟ್ರು
ಸರಿಯಾಗಿ ಹೇಳಿದ್ರಿ. ಹಾಗೇ ಮಾಡೋಣ.

ತಿಪಟೂರು ತೆಂಗು
ನಾನು ಶುರುವಿಂದ ವಿರೋಧ ಮಾಡಿದೋನು. ಈಗಲೂ ನನ್ನ ಮಾತು ಅದೇ: ನಮ್ಮ ಕತೆಗಳು ಇನ್ನೂ ಹೆಚ್ಚು ಬರಬೇಕು. ಪರಭಾಷೆ ಸಿನಿಮಾ ಕನ್ನಡಕ್ಕೆ ಡಬ್ ಆಗಬಾರದು ಅಂತ ನಮ್ಮ ಹಿರಿಯರು ಹಠ ಹಿಡಿದಾಗ ಇಲ್ಲಿನ ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಇತ್ತು, ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಮಕ್ಕಳ ಕಾರ್ಟೂನಿಗೂ ಅದೇ ಬೇಲಿ ಹಾಕಿದ್ದು ಸರಿ ಇರಲಿಲ್ಲ ಅಂತ ನನ್ನ ಮೊಮ್ಮಗಳು ಹಿಂದೀಲಿ ಜಗಳ ಆಡೋದನ್ನ ನೋಡಿದಾಗ ಅನ್ನಿಸಿತು. ಮೇ 2ಕ್ಕೆ ನಾನೂ ಬರ್ತೀನಿ, ಮೊಮ್ಮಗಳನ್ನೂ ಕರ್ಕೊಂಡು. ಎಳನೀರು ನಂದು. ಎಷ್ಟು ಬೇಕು ಹೇಳಿ.

ಕ್ಯಾತ್ಸಂದ್ರ 90
ತಟ್ಟೆ ಇಡ್ಲಿ ನಂದು! ಸಂಜೆ ಏಳಕ್ಕೆ ಬಿಸಿಬಿಸಿ ತರ್ತೀನಿ. ಟಾಯ್ ಸ್ಟೋರಿ ಸೋತಿದ್ದಕ್ಕೆ ಸ್ವಲ್ಪ ಬೇಜಾರಿದೆ, ಅದು ಬೇರೆ.

ಮುಳಬಾಗಿಲು 86
ಇಡ್ಲಿ ತಣ್ಣಗಾಗುತ್ತೆ ಮಾರಾಯ. ಮುಳಬಾಗಿಲು ದೋಸೆ ಕಲ್ಲು ಸಮೇತ ಬರಲಾ?

ಕ್ಯಾತ್ಸಂದ್ರ 90
ನಮ್ಮೂರಲ್ಲಿ ನಿಂತು ದೋಸೆ ಮಾತಾಡಬೇಡಿ ಗುರು. ಎರಡೂ ಇರಲಿ.

ಹಳೇ ರೀಲು
ಊಟ ಆಮೇಲೆ. ಮೇ ತಿಂಗಳಲ್ಲಿ ಸೂರ್ಯ ಮುಳುಗೋದೇ ಆರೂಮುಕ್ಕಾಲರ ಹತ್ರ. ಏಳೂಕಾಲಕ್ಕೆ ಮುಂಚೆ ಹಾಕಿದ್ರೆ ಪರದೆ ಮೇಲೆ ಏನೂ ಕಾಣಲ್ಲ, ಅದರಲ್ಲೂ ಇದು ಕಪ್ಪು ನೆರಳಿನ ಸಿನಿಮಾ. ಬೇಸಿಗೆ ಗಾಳಿಮಳೆ ಬಂದ್ರೆ ಕರೆಂಟು ಹೋಗುತ್ತೆ, ಯುಪಿಎಸ್ ಇಟ್ಕೊಳ್ಳಿ. ಪರದೆ ನಾಲ್ಕೂ ಮೂಲೆ ಕಟ್ಟಿ, ಕೆಳಗೆ ಕೋಲು ಹೊಲೀಬೇಕು, ಇಲ್ಲಾಂದ್ರೆ ಗಾಳಿಗೆ ಅಹ್ಮದ್ ಮೈ ಮುರೀತಾನೆ. ನಾನು ನಾಲ್ಕು ಗಂಟೆಗೇ ಬಂದು ಕಟ್ಟಿ ಕೊಡ್ತೀನಿ. ಪ್ರೊಜೆಕ್ಟರ್ ನಾನೇ ನೋಡ್ಕೋತೀನಿ, ಬೇರೆ ಯಾರೂ ಮುಟ್ಟೋದು ಬೇಡ.

ಪಾವಗಡ ಬಿಸಿಲು
ಪಂಚೆ ನಾನು ತರ್ತೀನಿ. ನಮ್ಮ ತಾತಂದು, ಎಂಟು ಮೊಳ, ಒಂದು ಕಲೆ ಇಲ್ಲ.

ಅಮಾನಿಕೆರೆ ಅಮ್ಮ
ನನಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಮಗಳಿಗೆ ಹೇಳಿದೆ: ಡೋರೇಮಾನ್ ಹುಟ್ಟೋಕೆ ಇನ್ನೂ 86 ವರ್ಷ ಇದೆ, ಈ ಅಹ್ಮದ್ ಹುಟ್ಟಿ ನೂರು ವರ್ಷ ಆಯ್ತು ಅಂತ. "ಹಾಗಾದ್ರೆ ಇವನೇ ಡೋರೇಮಾನ್‌ಗೆ ಮುತ್ತಾತ" ಅಂದಳು. ಈಗ ಅಮೆಜಾನ್ ಪಾರ್ಸಲ್ ಬಂದಿದ್ದ ರಟ್ಟಿನ ಡಬ್ಬ ಹಿಡ್ಕೊಂಡು, ಎದುರು ಮನೆ ಇಬ್ಬರು ಮಕ್ಕಳ ಜೊತೆ ಕೂತು ಹಾರೋ ಕುದುರೆ ಕತ್ತರಿಸ್ತಿದ್ದಾಳೆ. ಕಾಲು ಅಂಟಲ್ಲಿ ಅಂಟಿಸಿದ್ರು, ಅಲುಗಾಡ್ತಿಲ್ಲ ಅಂತ ಜಗಳ ನಡೀತಿದೆ.

ಕೋಲಾರದ ಕುಂಚ
ಅಂಟು ಬೇಡ ಅಂತ ಹೇಳಿ ಅಮ್ಮಾವ್ರೇ. ಎರಡೂ ತುಂಡಿಗೆ ಸೂಜೀಲಿ ತೂತು ಮಾಡಿ, ದಪ್ಪ ದಾರ ಹಾಯಿಸಿ, ಆ ಕಡೆ ಈ ಕಡೆ ಗಂಟು. ಗಂಟು ಬಿಗಿ ಆಗಬಾರದು, ಸಡಿಲ ಬಿಡಬೇಕು. ಕುದುರೆಗೆ ಮೊಣಕಾಲಲ್ಲೂ ಒಂದು ಕೀಲು ಬೇಕು, ಇಲ್ಲಾಂದ್ರೆ ಹಾರೋವಾಗ ಕಾಲು ಮಡಿಸಲ್ಲ. ಆದಮೇಲೆ ಫೋಟೋ ಹಾಕಿ.